ಬಿ.ಡಿ. ಜತ್ತಿ ಜಮಖಂಡಿ ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ ಹೋಗಿದ್ದು ಬರೀ ಅದೃಷ್ಟವಾ?

ಮುಧೋಳದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಸೆಪ್ಟೆಂಬರ್ 10 ಬಿ.ಡಿ. ಜತ್ತಿಯವರು ಹುಟ್ಟಿದ ದಿನ. ಅವತ್ತು ಕಾಲೇಜಿನಲ್ಲಿ ಅವರ ಬಗ್ಗೆ ಹದಿನೈದು ನಿಮಿಷ ಮಾತಾಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಹುಡುಕಿದಲ್ಲೆಲ್ಲ ಹುದ್ದೆಗಳ ಪಟ್ಟಿಯೇ ಸಿಗುತ್ತಿದೆ. ಪುರಸಭೆ ಅಧ್ಯಕ್ಷ, ದಿವಾನ, ಮುಖ್ಯಮಂತ್ರಿ, ರಾಜ್ಯಪಾಲ, ಉಪರಾಷ್ಟ್ರಪತಿ, ಹಂಗಾಮಿ ರಾಷ್ಟ್ರಪತಿ. ಯಾರದೋ ಸರ್ವಿಸ್ ಬುಕ್ ತಿರುವಿ ಹಾಕಿದ ಹಾಗೆ ಅನಿಸುತ್ತದೆ. ಮನುಷ್ಯ ಎಲ್ಲೂ ಕಾಣುವುದಿಲ್ಲ.

ಮನೆಯಲ್ಲಿ ಕೇಳಿದರೆ ಅಲ್ಲೂ ವಾದ. ನಮ್ಮ ಕಾಕಾ ಹೇಳಿದ್ದು ಹೀಗೆ: "ಅವರೇನ್ ಬಡದಾಡಿ ತಗೊಂಡಾರೇನ? ಇಬ್ರು ಜಗಳಾಡು ಮುಂದ ಮೂರನೇದವ್ರಿಗೆ ಕುರ್ಚಿ ಸಿಕ್ತು, ಅಷ್ಟ." ಅಜ್ಜ ಅದನ್ನು ಒಪ್ಪುವುದಿಲ್ಲ. "ಭಾಳ ಶಾಣ್ಯಾ ಇದ್ರು ಅವರು" ಅನ್ನುತ್ತಾರೆ. ಏನು ಶಾಣ್ಯಾತನ (ಜಾಣತನ) ಅಂತ ಕೇಳಿದರೆ ಅಜ್ಜನಿಗೂ ಹೇಳಲು ಬರುವುದಿಲ್ಲ.

ನಮ್ಮ ಭಾಗಕ್ಕೆ ಅವರಿಂದ ಏನಾಯಿತು? 1977ರಲ್ಲಿ ಸಹಿ ಹಾಕಲು ತಡ ಮಾಡಿದರು ಅನ್ನುತ್ತಾರಲ್ಲ, ಅದೇನು? ಗೊತ್ತಿರುವವರು ಹೇಳಿ. ಹುದ್ದೆಯ ಪಟ್ಟಿ ಮಾತ್ರ ಮತ್ತೆ ಹಾಕಬೇಡಿ, ಪ್ಲೀಸ್.

ಅಥಣಿ ಕಬ್ಬಿನವ:

ನಿಮ್ಮ ಕಾಕಾ ಹೇಳಿದ್ದೇ ಸರಿ. 1958ರಲ್ಲಿ ಮುಖ್ಯಮಂತ್ರಿ ನಿಜಲಿಂಗಪ್ಪ ಇಳಿದರು, ಇವರು ಹತ್ತಿದರು. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು, ಇವರು ರಾಷ್ಟ್ರಪತಿ ಭವನಕ್ಕೆ ಹೋದರು. ಇದಕ್ಕೆ ಅದೃಷ್ಟ ಅನ್ನದೆ ಏನನ್ನಬೇಕು?

ಜಮಖಂಡಿ ಕಡೆ ಹೊಲದಲ್ಲಿ ನಿಂತು ಕೇಳಿ ನೋಡಿ. ಜನ ಸಿದ್ದು ನ್ಯಾಮಗೌಡರ ಹೆಸರು ಹೇಳುತ್ತಾರೆ. ಸರ್ಕಾರದ ದಾರಿ ಕಾಯದೆ ಚಿಕ್ಕಪಡಸಲಗಿಯಲ್ಲಿ ರೈತರನ್ನು ಕೂಡಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು. 1991ರಲ್ಲಿ ರಾಮಕೃಷ್ಣ ಹೆಗಡೆಯಂಥವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿ ದೆಹಲಿಗೆ ಹೋದರು. ಜತ್ತಿಯವರೂ ದೆಹಲಿಗೆ ಹೋದರು. ವಾಪಸ್ ನಮಗೇನು ತಂದರು?

ನಿವೃತ್ತ ತಲಾಠಿ, ಜಮಖಂಡಿ:

ತಂಗಿ, ನಾನು ಈ ತಾಲೂಕಿನಲ್ಲೇ ತಲಾಠಿ (ಗ್ರಾಮ ಲೆಕ್ಕಿಗ) ಆಗಿ ಸೇರಿ, ಶಿರಸ್ತೇದಾರ ಆಗಿ ನಿವೃತ್ತನಾದವನು. ರಾಜಕಾರಣಿಗಳ ಭಾಷಣ ನನಗೆ ಅಷ್ಟು ತಿಳಿಯುವುದಿಲ್ಲ. ಅವರು ಮಾಡಿದ್ದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಲ್ಲಿ ಬಂದು ಕೂರುತ್ತದೆ ಅಂತ ನೋಡುವುದು ನನ್ನ ಚಟ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಊರು. ಗೋಕಾಕ ತಾಲೂಕಿನಲ್ಲೂ ಒಂದು ಸಾವಳಗಿ ಇದೆ. ಜತ್ತಿಯವರದು ನಮ್ಮ ಜಮಖಂಡಿ ತಾಲೂಕಿನ ಸಾವಳಗಿ. ಭಾಷಣದಲ್ಲಿ ಸರಿಯಾಗಿ ಹೇಳು, ಕಲಸಬೇಡ. ಬಸಪ್ಪ ದಾನಪ್ಪ ಜತ್ತಿ ಹುಟ್ಟಿದ್ದು 1912ರಲ್ಲಿ. ತಂದೆಯದು ಕಿರಾಣಿ ವ್ಯಾಪಾರ. ಹಳೆಯ ಪುಸ್ತಕಗಳಲ್ಲಿ ವಿಜಾಪುರ ಜಿಲ್ಲೆ ಅಂತ ಇರುತ್ತದೆ, ಅದು ತಪ್ಪಲ್ಲ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಆದರೆ ಅವರು ಹುಟ್ಟಿದಾಗ ಇದು ಬ್ರಿಟಿಷರ ಜಿಲ್ಲೆಯೂ ಆಗಿರಲಿಲ್ಲ. ಪಟವರ್ಧನರ ಜಮಖಂಡಿ ಸಂಸ್ಥಾನ.

ಈ ಸಂಸ್ಥಾನದ ಸಂಗತಿ ಬಿಟ್ಟರೆ ಜತ್ತಿ ಅರ್ಥ ಆಗುವುದೇ ಇಲ್ಲ. ಕೊಲ್ಹಾಪುರದಲ್ಲಿ ಕಾಲೇಜು, ಅಲ್ಲೇ ಕಾನೂನು. ವಾಪಸ್ ಬಂದು ಜಮಖಂಡಿಯಲ್ಲಿ ವಕೀಲಿ. 1940ರಲ್ಲಿ ಪುರಸಭೆ ಮೆಂಬರ್, 1945ರಲ್ಲಿ ಅಧ್ಯಕ್ಷ. ಆಮೇಲೆ ಸಂಸ್ಥಾನದ ಸರ್ಕಾರದಲ್ಲಿ ಮಂತ್ರಿ, ಕೊನೆಗೆ ದಿವಾನ. 1948ರ ಮಾರ್ಚ್ 8ಕ್ಕೆ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ಸೇರಿತು. ಅಂದರೆ ತಾನು ದಿವಾನ ಆಗಿದ್ದ ಸರ್ಕಾರವನ್ನು ತಾನೇ ನಿಂತು ಮುಚ್ಚಿದರು. ಮರುದಿನದಿಂದ ಮತ್ತೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ. ದಿವಾನಗಿರಿ ಹೋಯಿತು ಅಂತ ಮನೆಯಲ್ಲಿ ಕೂರಲಿಲ್ಲ. ನಿನ್ನ ಕಾಕಾ ಅದೃಷ್ಟ ಅನ್ನುತ್ತಾರಲ್ಲ, ಈ ಇಳಿಯುವ ಲೆಕ್ಕವನ್ನೂ ಅವರು ಹಿಡಿಯಬೇಕು.

ಸುಮಾರು ಎರಡು ವರ್ಷ ಆದ ಮೇಲೆ, ವಿಲೀನವಾದ ಪ್ರದೇಶದ ಪರವಾಗಿ ಅವರನ್ನು ಮುಂಬೈ ವಿಧಾನಸಭೆಗೆ ನಾಮಕರಣ ಮಾಡಿದರು. ಅಲ್ಲಿ ಬಿ.ಜಿ. ಖೇರ್ ಮುಖ್ಯಮಂತ್ರಿ. ಜತ್ತಿ ಅವರಿಗೆ ಸಂಸದೀಯ ಕಾರ್ಯದರ್ಶಿ. 1952ರ ಚುನಾವಣೆ ನಂತರ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ ಆದರು. ಜತ್ತಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಮೊರಾರ್ಜಿ ಹೆಸರು ನೆನಪಿಡು, ಮುಂದೆ ಬರುತ್ತದೆ.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಈಗ ಲೆಕ್ಕ ಹಾಕು. ಒಂಬತ್ತು ವರ್ಷದೊಳಗೆ ಸಾವಳಗಿಯ ಒಂದೇ ಹೊಲ ಮೂರು ಸರ್ಕಾರ ನೋಡಿತು. ಸಂಸ್ಥಾನದ ಪದ್ಧತಿ ಬೇರೆ, ಮುಂಬೈಯ ಕುಳ (ಗೇಣಿದಾರರ) ಕಾಯ್ದೆ ಬೇರೆ, ಇನ್ನು ಮೈಸೂರಿನವರದು ಏನೋ ಗೊತ್ತಿಲ್ಲ. ಮಾಲೀಕ ಯಾರು, ಲಾವಣಿಗೆ (ಗೇಣಿಗೆ) ಮಾಡುವವನು ಯಾರು, ಪಾಲು ಎಷ್ಟು, ಹೊಲ ಬಿಡಿಸುವ ಹಕ್ಕು ಯಾರಿಗೆ, ಪ್ರತಿ ಸಲ ಉತ್ತರ ಬದಲಾಗುತ್ತಿತ್ತು. ಇದು ನಮ್ಮೊಬ್ಬರ ಪಾಡಲ್ಲ. ಹೊಸ ರಾಜ್ಯದಲ್ಲಿ ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಹೀಗೆ ಐದು ಕಡೆಯ ಭೂಮಿ ಕಾನೂನು ಒಟ್ಟಿಗೆ ಬಂದು ಬಿದ್ದಿದ್ದವು.

ಅವನ್ನೆಲ್ಲ ಒಂದು ಮಾಡಲು 1957ರಲ್ಲಿ ಸಮಿತಿ ಮಾಡಿದರು. ಅಧ್ಯಕ್ಷರು ಜತ್ತಿ. ಬೆಂಗಳೂರಿನ ಕಡೆ ಘಟಾನುಘಟಿಗಳು ಬೇಕಾದಷ್ಟು ಜನ ಇದ್ದರು. ಆದರೆ ಸಂಸ್ಥಾನದ ದಫ್ತರವನ್ನೂ ನೋಡಿ, ಮುಂಬೈ ಸರ್ಕಾರದಲ್ಲೂ ಕೂತು, ಮೇಲೆ ವಕೀಲರೂ ಆಗಿದ್ದವರು ಎಷ್ಟು ಜನ ಸಿಗುತ್ತಿದ್ದರು? ನಿಮ್ಮ ಅಜ್ಜ ಹೇಳುವ ಶಾಣ್ಯಾತನ ಇದೇ ಅಂತ ನನ್ನ ಲೆಕ್ಕ. ಭಾಷಣ ಮಾಡಿ ಜನ ಕೂಡಿಸುವ ಪೈಕಿ ಅಲ್ಲ ಅವರು. ಕಾಗದ ಓದುವ ಮನುಷ್ಯ. ಆ ಸಮಿತಿಯ ವರದಿಯ ಮೇಲೆಯೇ 1961ರ ಮೈಸೂರು ಭೂಸುಧಾರಣಾ ಕಾಯ್ದೆ ಬಂತು. ಆ ಹೊತ್ತಿಗೆ ಅವರೇ ಮುಖ್ಯಮಂತ್ರಿ.

ಮುಖ್ಯಮಂತ್ರಿ ಆಗಿದ್ದು 1958ರ ಮೇ 16ಕ್ಕೆ. ನಿಜಲಿಂಗಪ್ಪ ಪಕ್ಷದ ಒಳಜಗಳದಲ್ಲಿ ರಾಜೀನಾಮೆ ಕೊಟ್ಟರು ನಿಜ. ಆದರೆ ಕುರ್ಚಿ ಸುಮ್ನೆ ಸಿಗಲಿಲ್ಲ ತಂಗಿ. ಪಕ್ಷದ ಹಿರಿಯ ನಾಯಕ ಟಿ. ಸುಬ್ರಹ್ಮಣ್ಯ ಎದುರು ಶಾಸಕಾಂಗ ಪಕ್ಷದಲ್ಲಿ ಜೋರು ಪೈಪೋಟಿ ಆಗಿ ಇವರು ಗೆದ್ದರು. ಕಾಕಾಗೆ ಇದನ್ನು ತಪ್ಪದೆ ಹೇಳು.

1962ರ ಕಥೆ ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡದು. ಚುನಾವಣೆಯಲ್ಲಿ ಜತ್ತಿ ಜಮಖಂಡಿಯಿಂದ ಗೆದ್ದರು. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಆದರೂ ಮುಂದಿನ ಮುಖ್ಯಮಂತ್ರಿ ಜತ್ತಿ ಆಗಲಿಲ್ಲ. ಅಲ್ಲಿಯವರೆಗೆ ಸಭಾಧ್ಯಕ್ಷರಾಗಿದ್ದ ಹುನಗುಂದದ ಎಸ್.ಆರ್. ಕಂತಿಯವರನ್ನು ಮಾರ್ಚ್ 14ಕ್ಕೆ ಕೂರಿಸಿದರು. ನಿಜಲಿಂಗಪ್ಪನವರಿಗೆ ಬಾಗಲಕೋಟೆಯ ಸೀಟನ್ನು ಬಿ.ಟಿ. ಮುರನಾಳ ಅವರು ಬಿಟ್ಟುಕೊಟ್ಟರು. ಅವರು ಅಲ್ಲಿಂದ ಆರಿಸಿ ಬಂದರು, ಜೂನ್‌ನಲ್ಲಿ ಕಂತಿ ಎದ್ದು ಜಾಗ ಬಿಟ್ಟರು. ಹೋದ ಮುಖ್ಯಮಂತ್ರಿ ಜಮಖಂಡಿ, ನಡುವಿನವರು ಹುನಗುಂದ, ಬಂದವರು ಬಾಗಲಕೋಟೆ ಸೀಟು. ಒಂದೇ ವರ್ಷ, ಮೂರು ತಾಲೂಕು. ಇಷ್ಟಾದರೂ ನಮ್ಮ ಕಡೆ ಜನ "ನಮ್ಮವರು ಯಾರೂ ಮೇಲೆ ಬರಲಿಲ್ಲ" ಅಂತ ಗೊಣಗುವುದು ಬಿಡುವುದಿಲ್ಲ, ಅದು ಬೇರೆ ಮಾತು.

ಜತ್ತಿ ಏನು ಮಾಡಿದರು ಗೊತ್ತಾ? ಜುಲೈ 2ಕ್ಕೆ ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಮಂತ್ರಿ ಆದರು. ಸುಮಾರು ನಾಲ್ಕು ವರ್ಷ ಮುಖ್ಯಮಂತ್ರಿ ಆಗಿದ್ದವರು ಇನ್ನೊಬ್ಬರ ಕೆಳಗೆ ಕೂತರು. ಇವತ್ತು ಯಾರಾದರೂ ಕೂರುತ್ತಾರಾ ಹೇಳು. ಬೇರೆ ಪಕ್ಷ ಕಟ್ಟುತ್ತಾರೆ, ಇಲ್ಲ ರೆಸಾರ್ಟ್ ಬುಕ್ ಮಾಡುತ್ತಾರೆ. ಇದನ್ನು ಕೆಲವರು ದುರ್ಬಲತೆ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. 1948ರಲ್ಲೇ ಒಮ್ಮೆ ಇಳಿದು ರೂಢಿ ಆಗಿದ್ದವರು. ಇಳಿದರೂ ಕೆಲಸ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಇನ್ನು ಅಥಣಿಯವರ ಪ್ರಶ್ನೆ. ನ್ಯಾಮಗೌಡರ ಮೇಲೆ ನನಗೂ ಗೌರವ ಇದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಕಬ್ಬು ಒಣಗುವುದನ್ನು ಕಣ್ಣಾರೆ ನೋಡಿದವರು ನಾವು. 1989ರಲ್ಲಿ ಆ ಬ್ಯಾರೇಜ್ ಆದ ಮೇಲೆ ದಂಡೆಯ ಊರುಗಳ ಬದುಕು ಬೇರೆಯೇ ಆಯಿತು. ಶ್ರಮಬಿಂದು ಸಾಗರ ಅಂತ ಸುಮ್ನೆ ಹೆಸರಿಟ್ಟಿಲ್ಲ. ಆದರೆ ನೀರು ಹೊಲಕ್ಕೆ ಬರುವ ಮುಂಚೆ ಆ ಹೊಲ ಯಾರದು ಅಂತ ಒಂದು ಪ್ರಶ್ನೆ ಇರುತ್ತದೆ. ಅದರ ಕೆಲಸ ಬ್ಯಾರೇಜಿನಂತೆ ನಿಂತು ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ಮುಧೋಳದ ಹುಡುಗಿ:

ಸರ್, ಇದನ್ನೇ ಹುಡುಕುತ್ತಿದ್ದೆ. ಒಂದು ಅನುಮಾನ. 1961ರ ಕಾಯ್ದೆಯಿಂದ ನಿಜವಾಗಿಯೂ ಉಳುವವರಿಗೆ ಭೂಮಿ ಸಿಕ್ಕಿತಾ? ನಮ್ಮ ಸರ್ ಕ್ಲಾಸಿನಲ್ಲಿ ಎಲ್ಲ ಕ್ರೆಡಿಟ್ ದೇವರಾಜ ಅರಸರಿಗೇ ಕೊಡುತ್ತಾರೆ.

ನಿವೃತ್ತ ತಲಾಠಿ, ಜಮಖಂಡಿ:

ನಿಮ್ಮ ಸರ್ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಜತ್ತಿಯವರ ಪರ ಅಂತ ನಾನು ಸುಳ್ಳು ಹೇಳುವುದಿಲ್ಲ.

1961ರ ಕಾಯ್ದೆ ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ. ಅಲ್ಲಿಯವರೆಗೆ ಮಾಲೀಕರು ಸುಮ್ಮನೆ ಕೂರುತ್ತಾರಾ? ಹೊಲ ತುಂಡು ಮಾಡಿ ಅಳಿಯನ ಹೆಸರು, ತಮ್ಮನ ಹೆಸರು ಅಂತ ಹಚ್ಚಿದರು. ಲಾವಣಿಗೆ ಮಾಡುತ್ತಿದ್ದವರಿಂದ "ಸ್ವಖುಷಿಯಿಂದ ಬಿಟ್ಟೆ" ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಯ್ದೆಯಲ್ಲೂ ಸಡಿಲ ಇತ್ತು. ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಮಾಲೀಕ ಒಂದಿಷ್ಟು ಜಮೀನು ವಾಪಸ್ ಪಡೆಯಬಹುದಿತ್ತು. ಒಂದು ಕುಟುಂಬ ಇಟ್ಟುಕೊಳ್ಳುವ ಮಿತಿ 27 ಸ್ಟ್ಯಾಂಡರ್ಡ್ ಎಕರೆ, ಅಂದರೆ ಮಣ್ಣು, ನೀರು ನೋಡಿ ಲೆಕ್ಕ ಹಾಕುವ ಎಕರೆ. ಒಣಬೇಸಾಯಕ್ಕೆ ಅದನ್ನು ಲೆಕ್ಕ ಹಾಕಿದರೆ ದೊಡ್ಡ ದೊಡ್ಡ ಜಮೀನೂ ಒಳಗೇ ಬಂದುಬಿಡುತ್ತಿತ್ತು.

ನಮ್ಮಪ್ಪನೂ ಲಾವಣಿ ಹೊಲ ಮಾಡುತ್ತಿದ್ದವರು. ಹೆಬ್ಬೆಟ್ಟು ಒತ್ತು ಅಂತ ಅವರಿಗೂ ಬುಲಾವ್ ಬಂದಿತ್ತು. ನಮ್ಮವ್ವ ಹೋಗಗೊಡಲಿಲ್ಲ. "ಹೊಟ್ಟಿ ನೋವು ಅಂತ ಹೇಳಿ ಮಲಕೋ" ಅಂದಳಂತೆ. ಅವರು ಮಲಗಿದರು. ಹೊಲ ಉಳಿಯಿತು. ಕಾನೂನಿನ ಪುಸ್ತಕದಲ್ಲಿ ಇದು ಬರುವುದಿಲ್ಲ.

ಅರಸರ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿ. ಗೇಣಿಯನ್ನೇ ಕಿತ್ತುಹಾಕಿದರು. ಗೇಣಿಗೆ ಇದ್ದ ಜಮೀನೆಲ್ಲ ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ತಾಲೂಕಿಗೆ ಭೂನ್ಯಾಯಮಂಡಳಿ ಬಂತು. ಉಳುವವನು ಫಾರ್ಮ್ ನಂಬರ್ 7 ತುಂಬಿ ಅರ್ಜಿ ಹಾಕಬೇಕು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕಚೇರಿ ತುಂಬ ಅದೇ ಫಾರ್ಮ್. ಮಂಡಳಿ ಮುಂದೆ ಎಲ್ಲರೂ ಉತಾರದ ಸಾಗುವಳಿದಾರರ ಕಾಲಂ ಮೇಲೆ ಬೆರಳಿಟ್ಟು ವಾದ ಮಾಡುತ್ತಿದ್ದರು. ಹೆಸರು ಇದ್ದವನು ಗೆದ್ದ. ಹೆಸರು ಇಲ್ಲದವನು ಊರಿನ ನಾಲ್ಕು ಹಿರಿಯರನ್ನು ಸಾಕ್ಷಿಗೆ ಕರೆತರಬೇಕು. ಮಾಲೀಕನ ಎದುರು ಸಾಕ್ಷಿ ಹೇಳಲು ಯಾರು ಬರುತ್ತಾರೆ?

ಜತ್ತಿಯವರ ಪಾಲು ಇಲ್ಲಿ ಬರುತ್ತದೆ. ಬೀದರಿನಿಂದ ಕೊಡಗಿನವರೆಗೆ ಒಂದೇ ಕಾಯ್ದೆ ಅಂತ ಆಗಿದ್ದು 1961ರಲ್ಲಿ. ಅರಸರು ಹೊಸ ಕಾಯ್ದೆ ತರಲಿಲ್ಲ, ಇದೇ ಕಾಯ್ದೆಗೆ ತಿದ್ದುಪಡಿ ತಂದರು. ಐದು ಕಡೆಯ ಐದು ಕಾನೂನು ಹಾಗೇ ಇದ್ದಿದ್ದರೆ, ಐದನ್ನೂ ತಿದ್ದಲು ಕೂರಬೇಕಿತ್ತು. ಜತ್ತಿಯವರಿಗೆ ಗೇಣಿಯನ್ನು ಪೂರ್ತಿ ಕಿತ್ತುಹಾಕುವ ಧೈರ್ಯ ಇರಲಿಲ್ಲ ಅಂತ ಬೇಕಾದರೆ ಹೇಳು, ನಾನು ವಾದ ಮಾಡುವುದಿಲ್ಲ. ಅವರ ಹಿಂದೆ ಇದ್ದ ಶಾಸಕರಲ್ಲಿ ಜಮೀನ್ದಾರರೇ ಜಾಸ್ತಿ.

ಇನ್ನೊಂದು ಮರೆತಿದ್ದೆ. 1959ರ ಗ್ರಾಮ ಪಂಚಾಯತಿ ಕಾಯ್ದೆ ಕೂಡ ಅವರ ಕಾಲದ್ದು. ಗ್ರಾಮ ಪಂಚಾಯತಿ, ಅದರ ಮೇಲೆ ತಾಲೂಕು ಅಭಿವೃದ್ಧಿ ಮಂಡಳಿ. ನಿಮ್ಮ ಅಜ್ಜನಿಗೆ "ತಾಲೂಕು ಬೋರ್ಡ್" ಅಂದರೆ ತಕ್ಷಣ ನೆನಪಾಗುತ್ತದೆ, ಕೇಳಿ ನೋಡು. ಹಳ್ಳಿ ಶಾಲೆ, ರಸ್ತೆ ಅಂದರೆ ಜನ ಅಲ್ಲಿಗೇ ಓಡುತ್ತಿದ್ದರು. ಜಿಲ್ಲಾ ಮಟ್ಟದ ಪರಿಷತ್ತಿಗೆ ಮಾತ್ರ ಹಲ್ಲಿರಲಿಲ್ಲ, ಸಲಹೆ ಕೊಡುವುದಷ್ಟೇ ಕೆಲಸ.

ಸಿಂದಗಿ ವಕೀಲ:

ತಲಾಠಿ ಸಾಹೇಬರು 1977ಕ್ಕೆ ಇನ್ನೂ ಬಂದಿಲ್ಲ. ಅದನ್ನು ನಾನು ಹೇಳುತ್ತೇನೆ. ಅವರಷ್ಟು ಮೆದುವಾಗಿ ಹೇಳುವುದಿಲ್ಲ, ಕ್ಷಮೆ ಇರಲಿ.

1968ರಲ್ಲಿ ಜತ್ತಿ ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದರು. 1972ರ ನವೆಂಬರ್‌ನಲ್ಲಿ ಒಡಿಶಾ ರಾಜ್ಯಪಾಲ. ಅಲ್ಲಿ 1973ರ ಮಾರ್ಚ್‌ನಲ್ಲಿ ನಂದಿನಿ ಸತ್ಪತಿ ಸರ್ಕಾರ ಬಹುಮತ ಕಳೆದುಕೊಂಡು ರಾಜೀನಾಮೆ ಕೊಟ್ಟಿತು. ವಿರೋಧ ಪಕ್ಷದ ಬಿಜು ಪಟ್ನಾಯಕ್ ನನಗೆ ಬಹುಮತ ಇದೆ ಅಂದರು. ಜತ್ತಿ ಅವರನ್ನು ಕರೆಯಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು. ವಿಷಯ ಒಡಿಶಾ ಹೈಕೋರ್ಟಿಗೂ ಹೋಯಿತು. ಮರುವರ್ಷ, 1974ರ ಆಗಸ್ಟ್‌ನಲ್ಲಿ ಇವರು ಉಪರಾಷ್ಟ್ರಪತಿ. ನಾನು ಏನೂ ಹೇಳುತ್ತಿಲ್ಲ, ತಾರೀಖು ಮಾತ್ರ ಓದುತ್ತಿದ್ದೇನೆ.

ಈಗ 1977. ಫೆಬ್ರವರಿ 11ಕ್ಕೆ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಸಂವಿಧಾನದ 65ನೇ ವಿಧಿ ಪ್ರಕಾರ ಉಪರಾಷ್ಟ್ರಪತಿಯೇ ಆ ಕೆಲಸ ನೋಡಬೇಕು. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ಬರುವವರೆಗೆ ಜತ್ತಿ ಹಂಗಾಮಿ ರಾಷ್ಟ್ರಪತಿ. ನಡುವೆ ಚುನಾವಣೆ ಆಯಿತು, ಇಂದಿರಾ ಸೋತರು, ಜನತಾ ಸರ್ಕಾರ ಬಂತು. ಹೊಸ ಸರ್ಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆ ಮಾಡಲು ಹೊರಟಿತು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶ, ಪಂಜಾಬ್, ಹರಿಯಾಣ, ಹಿಮಾಚಲ, ಒಡಿಶಾ, ಪಶ್ಚಿಮ ಬಂಗಾಳ. ಕರ್ನಾಟಕ ಇದರಲ್ಲಿ ಇರಲಿಲ್ಲ. ಇಲ್ಲಿ ಲೋಕಸಭೆಯ 28ರಲ್ಲಿ 26 ಕಾಂಗ್ರೆಸ್ಸೇ ಗೆದ್ದಿತ್ತು.

ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ಕ್ಕೆ ಕೋರ್ಟ್ ಅರ್ಜಿ ವಜಾ ಮಾಡಿತು. ಸಂಪುಟದ ಸಲಹೆ ಜತ್ತಿಯವರ ಮೇಜಿನ ಮೇಲೆ ಬಂತು. ತಕ್ಷಣ ಸಹಿ ಹಾಕಲಿಲ್ಲ. ಏಪ್ರಿಲ್ 30ಕ್ಕೆ ಹಾಕಿದರು. ಅಷ್ಟರಲ್ಲಿ ದೆಹಲಿಯಲ್ಲಿ ದೊಡ್ಡ ಗದ್ದಲ.

ನನ್ನ ಪ್ರಶ್ನೆ ಸರಳ. 1976ರ 42ನೇ ತಿದ್ದುಪಡಿ ಆಗಲೇ ಬಂದಿತ್ತು. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಅಂತ ಅದರಲ್ಲಿ ಕಡ್ಡಾಯ ಮಾಡಿದ್ದರು. ಒಮ್ಮೆ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು ಅನ್ನುವ ಅವಕಾಶ ಬಂದಿದ್ದು 1978ರ 44ನೇ ತಿದ್ದುಪಡಿಯಲ್ಲಿ. ಅಂದರೆ ಅವತ್ತು ಜತ್ತಿಯವರ ಕೈಯಲ್ಲಿ ತಡೆಯುವ ಅಧಿಕಾರವೇ ಇರಲಿಲ್ಲ. ಮತ್ತೆ ಯಾಕೆ ತಡ? ಬರಲಿದ್ದ ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರ ಮತಕ್ಕೂ ಬೆಲೆ ಇತ್ತು. ಆ ಒಂಬತ್ತು ವಿಧಾನಸಭೆ ಉಳಿದರೆ ಕಾಂಗ್ರೆಸ್ಸಿಗೆ ಲಾಭ. ಒಡಿಶಾದಲ್ಲಿ ವಿಧಾನಸಭೆ ಉಳಿಸುವ ಆತುರ ತೋರಿಸದವರು ದೆಹಲಿಯಲ್ಲಿ ಯಾಕೆ ಯೋಚನೆಗೆ ಬಿದ್ದರು?

ನಿವೃತ್ತ ತಲಾಠಿ, ಜಮಖಂಡಿ:

ವಕೀಲರು ಒಡಿಶಾ ಬಗ್ಗೆ ಹೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಪಟ್ನಾಯಕರನ್ನು ಕರೆದು ಸದನದಲ್ಲಿ ಬಲ ತೋರಿಸು ಅನ್ನಬೇಕಿತ್ತು. ಆ ಕಾಲದ ರಾಜ್ಯಪಾಲರು ದೆಹಲಿ ಕಡೆ ನೋಡಿಯೇ ಕೆಲಸ ಮಾಡುತ್ತಿದ್ದರು, ಇವರೂ ಹಾಗೇ ಮಾಡಿದರು. ತಂಗಿ, ಭಾಷಣದಲ್ಲಿ ಇದನ್ನೂ ಹೇಳು. ಊರಿನವರು ಅಂತ ಬಿಡಬೇಡ.

ಆದರೆ 1977ನ್ನು ಅವರು ಏಪ್ರಿಲ್‌ನಿಂದ ಶುರು ಮಾಡಿದರು. ನಾನು ಮಾರ್ಚ್‌ನಿಂದ ಓದುತ್ತೇನೆ. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ತೆಗೆದರು. ಆ ಕಾಗದದ ಮೇಲೆ ಜತ್ತಿಯವರ ಸಹಿ. ಮಾರ್ಚ್ 24ಕ್ಕೆ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಜತ್ತಿ. ಮುಂಬೈಯಲ್ಲಿ ಯಾರ ಕೈಕೆಳಗೆ ಉಪಮಂತ್ರಿ ಆಗಿದ್ದರೋ ಅವರಿಗೇ. ಇಂದಿರಾ ಪಕ್ಷದಿಂದ ಮೇಲೆ ಬಂದವರು ಇಂದಿರಾ ವಿರೋಧಿಗಳ ಸರ್ಕಾರ ಕೂರಿಸಿದರು. ಎಲ್ಲೂ ತಕರಾರು ಬರಲಿಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ದೆಹಲಿಯಲ್ಲಿ ಕಾಂಗ್ರೆಸ್ ಬಿಟ್ಟು ಬೇರೆ ಸರ್ಕಾರ ಬಂದಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಅಲ್ಲಿ ಕೂತವರು ಸ್ವಲ್ಪ ಆಟ ಆಡಿದ್ದರೂ ಏನಾಗುತ್ತಿತ್ತು ನೀವೇ ಯೋಚಿಸಿ ವಕೀಲರೇ.

ಏಪ್ರಿಲ್ ವಿಷಯಕ್ಕೆ ಬಂದರೆ, ಅಧಿಕಾರ ಇಲ್ಲ ಅನ್ನುವುದು ಸರಿ. ಆದರೆ ಒಂಬತ್ತು ವಿಧಾನಸಭೆಗಳನ್ನು ಒಂದೇ ಏಟಿಗೆ ಮುಗಿಸುವ ಕಾಗದ ಅದು. ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯದಲ್ಲೂ ಇರಬಾರದು ಅನ್ನುವ ತರ್ಕವನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. 1980ರಲ್ಲಿ ಇಂದಿರಾ ವಾಪಸ್ ಬಂದಾಗ ಅದೇ ತರ್ಕ ಹಿಡಿದು ಒಂಬತ್ತು ವಿಧಾನಸಭೆ ವಿಸರ್ಜಿಸಿದರು. ಆಗ ಜನತಾದವರು ಅತ್ತರು. ಜತ್ತಿ ತಡ ಮಾಡಿದ್ದು ಪಕ್ಷದ ಋಣಕ್ಕೋ, ವಕೀಲಿ ಬುದ್ಧಿಗೋ, ಎರಡೂ ಇರಬಹುದು. ಒಡಿಶಾ ನೋಡಿದರೆ ಋಣ ಅನಿಸುತ್ತದೆ. 1948ರಿಂದ ನೋಡಿಕೊಂಡು ಬಂದರೆ, ಒಂದು ಸರ್ಕಾರ ಮುಚ್ಚುವ ಕಾಗದಕ್ಕೆ ಸಹಿ ಹಾಕುವ ಮುಂಚೆ ಎರಡು ಸಲ ಓದುವ ಮನುಷ್ಯ ಅನಿಸುತ್ತದೆ. ನಾನು ಎರಡನೆಯದನ್ನು ನಂಬುತ್ತೇನೆ. ನೀವು ಮೊದಲನೆಯದನ್ನು ನಂಬಿ, ನನಗೆ ಬೇಜಾರಿಲ್ಲ.

ಸಿಂದಗಿ ವಕೀಲ:

1980ರ ಮಾತು ಒಪ್ಪಿದೆ. ಒಡಿಶಾ ಮಾತ್ರ ಬಿಡುವುದಿಲ್ಲ.

ಹುಡುಗಿಗೆ ಇನ್ನೊಂದು. ಬಸವ ಸಮಿತಿ ಬಿಡಬೇಡಮ್ಮ. 1964ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಇವರೇ. ಅಧಿಕಾರ ಹೋದ ಮೇಲೆ ಹೊತ್ತು ಕಳೆಯಲು ಮಾಡಿದ ಕೆಲಸ ಅಲ್ಲ, ಮಂತ್ರಿ ಆಗಿದ್ದಾಗಲೇ ಕಟ್ಟಿದ್ದು. ಮುಂದೆ ಅದೇ ಸಂಸ್ಥೆಯಿಂದ ವಚನಗಳು ಇಪ್ಪತ್ತಕ್ಕೂ ಹೆಚ್ಚು ಭಾಷೆಗೆ ಹೋದವು. ಆ ಯೋಜನೆಯ ಪ್ರಧಾನ ಸಂಪಾದಕರು ನಮ್ಮ ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ. ಜತ್ತಿ ತೀರಿಕೊಂಡಿದ್ದು 2002ರ ಜೂನ್ 7ಕ್ಕೆ, ಬೆಂಗಳೂರಿನಲ್ಲಿ.

ಮುಧೋಳದ ಹುಡುಗಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾಕಾಗೆ ಟಿ. ಸುಬ್ರಹ್ಮಣ್ಯ ಅವರ ಕಥೆ ಹೇಳಿದೆ. "ಒಂದು ಸಲ ಗೆದ್ದಾರ, ಇರ್ಲಿ" ಅಂದರು. ಅಜ್ಜನಿಗೆ ತಾಲೂಕು ಬೋರ್ಡ್ ಅಂದದ್ದೇ ತಪ್ಪಾಯಿತು, ಯಾವ ರಸ್ತೆಗೆ ಯಾರು ದುಡ್ಡು ತಿಂದರು ಅನ್ನುವವರೆಗೆ ಹೋದರು!

ಭಾಷಣವನ್ನು ಭೂಮಿ ಕಾಯ್ದೆಯ ಸುತ್ತ ಕಟ್ಟುತ್ತಿದ್ದೇನೆ. 1948, 1962, 1977 ಮೂರನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಒಡಿಶಾ ಸೇರಿಸಿದ್ದೇನೆ. ಪಾಂಡಿಚೇರಿ ಬಿಟ್ಟೆ.

ನಿವೃತ್ತ ತಲಾಠಿ, ಜಮಖಂಡಿ:

ಸರಿಯಾಗಿದೆ. ಫಾರ್ಮ್ 7ರ ಮಾತು ಹೇಳುವಾಗ ಸಭೆಯಲ್ಲಿ ಒಮ್ಮೆ ಕೇಳು, ಯಾರ ಮನೆಯ ಹೊಲ ಹಾಗೆ ಬಂದಿದ್ದು ಅಂತ. ನಮ್ಮ ಕಡೆ ಸುಮಾರು ಕೈ ಏಳುತ್ತವೆ. ಜತ್ತಿಯವರು ಬರೆದ ಆತ್ಮಕಥೆ ಇದೆ, ಲೈಬ್ರರಿಯಲ್ಲಿ ಸಿಕ್ಕರೆ ಸಾವಳಗಿಯ ದಿನಗಳ ಭಾಗ ಓದಿಕೊಂಡು ಹೋಗು.

ಅಥಣಿ ಕಬ್ಬಿನವ:

ಎಲ್ಲ ಓದಿದೆ. ಅದೃಷ್ಟ ಅರ್ಧ, ಶಾಣ್ಯಾತನ ಅರ್ಧ ಅಂತ ಇಟ್ಟುಕೊಳ್ಳೋಣ. ಆದರೆ ಮೂರು ತಿಂಗಳು ಕುರ್ಚಿ ಕಾದು ತಿರುಗಿ ಕೊಟ್ಟರಲ್ಲ ಕಂತಿಯವರು, ನಿಜವಾದ ದೊಡ್ಡತನ ಅವರದು ಅಲ್ವಾ? ಅವರ ಹುಟ್ಟುಹಬ್ಬಕ್ಕೆ ಯಾವ ಕಾಲೇಜಿನಲ್ಲಿ ಭಾಷಣ ಇಟ್ಟಿದ್ದಾರೆ?

ನಿವೃತ್ತ ತಲಾಠಿ, ಜಮಖಂಡಿ:

ಅದು ಒಳ್ಳೆಯ ಪ್ರಶ್ನೆ. 1963ರಲ್ಲಿ ವಿಜಯಪುರಕ್ಕೆ ಸೈನಿಕ ಶಾಲೆ ಬಂದಿದ್ದರಲ್ಲಿ ಕಂತಿಯವರ ಪಾಲು ದೊಡ್ಡದು. ಬೇರೆ ಪ್ರಶ್ನೆಯಾಗಿ ಹಾಕಿ ಅಥಣಿಯವರೇ, ಇಲ್ಲಿ ಕಲಸಬೇಡಿ. ಹುನಗುಂದ, ಇಳಕಲ್ಲಿನ ಹಿರಿಯರು ಯಾರಾದರೂ ಬಂದು ಬರೆಯಲಿ. ನಾನು ಹೇಳಿದರೆ ಜಮಖಂಡಿಯವನು ಹೇಳಿದ ಅಂತ ಅವರು ಒಪ್ಪುವುದಿಲ್ಲ.